ತೂಕದ ಅರ್ಧ

ಸಿದ್ದಗಂಗಮ್ಮ ಹನುಮಂತನಗರದ ಮಕ್ಕಳ ಕ್ಲಿನಿಕ್ಕಿಗೆ ಸೇರಿದ್ದು ಕಾಲು ಹಿಡಿಯುವ ಕೆಲಸಕ್ಕೆ. ಸೂಜಿ ಕಂಡ ಕೂಡಲೇ ಒದೆಯುವ ಮಕ್ಕಳ ಕಾಲು. ಒದೆಸಿಕೊಂಡು, ಮೈಮೇಲೆ ವಾಂತಿ ಮಾಡಿಸಿಕೊಂಡು ವರ್ಷಗಳು ಕಳೆದ ಮೇಲೆ, ಹೊರಗೆ ಜನ ಕಿಕ್ಕಿರಿದಿದ್ದ ಒಂದು ದಿನ ಡಾಕ್ಟರು ಸುಲಭದ ಲೆಕ್ಕವೊಂದನ್ನು ಹೇಳಿಕೊಟ್ಟರು.

"ಜ್ವರದ ಸಿರಪ್ಪಾ? ಮಗು ತೂಕದಲ್ಲಿ ಅರ್ಧ ಮಾಡಮ್ಮ. ಹತ್ತು ಕೆಜಿಗೆ ಐದು ಎಂಎಲ್. ಅಷ್ಟು ಗೊತ್ತಿದ್ರೆ ಸಾಕು."

ಅಷ್ಟು ಗೊತ್ತಾಗಿದ್ದೇ ತಡ, ಆಕೆಯ ನಡಿಗೆಯೇ ಬದಲಾಯಿತು. ಆಯಮ್ಮ ಎನ್ನುತ್ತಿದ್ದವರು ಸಿಸ್ಟರ್ ಎನ್ನತೊಡಗಿದರು. ಕ್ಲಿನಿಕ್ ಮುಚ್ಚಿ, ಡಾಕ್ಟರು ತ್ಯಾಗರಾಜನಗರದ ಮನೆಯಲ್ಲಿ ಆರಾಮಾಗಿ ಕೂತ ಮೇಲೂ ಗಿರಿನಗರದ ಆಕೆಯ ಬೀದಿಯಲ್ಲಿ ಯಾವ ಮಗುವಿನ ಮೈ ಬಿಸಿಯಾದರೂ ತಾಯಂದಿರು ಆಕೆಯ ಗೇಟಿಗೇ ಬರುತ್ತಿದ್ದರು. ಒಳಗಿರುವ ಸೊಸೆ ಚೈತ್ರಳಿಗೆ ಕೇಳಲಿ ಎಂದೇ ಸಿದ್ದಗಂಗಮ್ಮ ಜೋರಾಗಿ ಉತ್ತರ ಹೇಳುತ್ತಿದ್ದಳು. ಚೈತ್ರ ಆಫೀಸಿಗೆ ಹೋಗುವವಳು, ಮಗುವನ್ನು ಡೇಕೇರಿಗೆ ಬಿಡೋಣ ಎಂದು ಆಗಾಗ ರಾಗ ಎಳೆಯುವವಳು. ಹೆತ್ತವಳಿಗಿಂತ ಅತ್ತೆಯ ಕೈಯೇ ಮೇಲು ಎಂದು ಸೊಸೆಯ ಬಾಯಿಂದ ಒಮ್ಮೆ ಬರಬೇಕಿತ್ತು. ಹಟ ಅಂದರೆ ಹಟ.

ಮೊಮ್ಮಗಳಿಗೆ ಜ್ವರ ಬಂತು. ಮಗ ಮಹೇಶ ಮೂಲೆಯ ಅಂಗಡಿಯಿಂದ ಸಿರಪ್ ತಂದ. ಕ್ಲಿನಿಕ್ಕಿನಲ್ಲಿದ್ದ ಅದೇ ಹೆಸರು, ಅದೇ ಬಣ್ಣ, ಅದೇ ವಾಸನೆ.

"ಡಾಕ್ಟರಿಗೆ ತೋರಿಸೋಣ ಅತ್ತೆ," ಎಂದಳು ಚೈತ್ರ.

"ಇಷ್ಟಕ್ಕೆಲ್ಲ ಡಾಕ್ಟ್ರಾ? ಊರಿನ ಮಕ್ಕಳಿಗೆಲ್ಲ ಕುಡಿಸಿರೋ ಕೈ ಇದು."

ಹನ್ನೆರಡು ಕೆಜಿ, ಆರು ಎಂಎಲ್. ಜ್ವರ ಏರಿದಾಗಲೆಲ್ಲ ಕುಡಿಸಿದಳು. ಮರುದಿನ ಮಗು ವಾಂತಿ ಮಾಡಿಕೊಂಡು ಸೊರಗಿ ಮಲಗಿತು. ಔಷಧ ಹೊಟ್ಟೆಯಲ್ಲಿ ನಿಲ್ಲಲಿಲ್ಲ ಎಂದು ಪುಣ್ಯಾತ್ಗಿತ್ತಿ ಇನ್ನೊಮ್ಮೆ ಕುಡಿಸಿದಳು.

ಚೈತ್ರಳೇ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು. ಅಲ್ಲಿಯ ಡಾಕ್ಟರು ಬಾಟಲಿ ತಿರುಗಿಸಿ ನೋಡಿದರು. "ಇದು ಡಬಲ್ ಸ್ಟ್ರಾಂಗ್ ಬಾಟ್ಲಿ. ಮಗುಗೆ ಎರಡರಷ್ಟು ಹೋಗಿದೆ. ಲಿವರ್‌ಗೆ ಏಟಾಗಿದೆ."

ಮಗು ಉಳಿಯಿತು. ಚೈತ್ರ ಮನೆಗೆ ಬಂದವಳೇ ಉಳಿದ ಸಿರಪ್ಪನ್ನು ಬಚ್ಚಲಿಗೆ ಸುರಿದಳು. ಬೈದಿದ್ದರೆ ವಾಸಿಯಿತ್ತು.

ಸಿದ್ದಗಂಗಮ್ಮ ಖಾಲಿ ಬಾಟಲಿ ಚೀಲಕ್ಕೆ ಹಾಕಿಕೊಂಡು ನೆಟ್ಟಗೆ ತ್ಯಾಗರಾಜನಗರಕ್ಕೆ ಹೋದಳು. ಹಳೆಯ ಡಾಕ್ಟರು ಕನ್ನಡಕ ಏರಿಸಿ ನೋಡಿ ನಕ್ಕರು.

"ಆ ಲೆಕ್ಕ ನಾವಿಡ್ತಿದ್ದ ಬಾಟ್ಲಿಗೆ ಮಾತ್ರ ಕಣಮ್ಮ. ಇದು ನಮ್ ಬೀರುಲಿ ಇರ್ಲೇ ಇಲ್ವಲ್ಲ!"

"ಅದನ್ನ ಅವತ್ತೇ ಹೇಳ್ಬಾರ್ದಿತ್ತಾ ಸಾರ್?"

"ನಿನಗ್ಯಾಕೆ ಆ ತಲೆನೋವು ಅಂತ." ಒಳಗೆ ಕೂಗಿ ಕಾಫಿ ಹೇಳಿದರು.

ಸಿದ್ದಗಂಗಮ್ಮ ಕಾಫಿಗೆ ಕಾಯದೆ ಎದ್ದು ಬಂದಳು. ಇಷ್ಟು ವರ್ಷ ವಿದ್ಯೆ ಎಂದು ಮೆರೆದದ್ದು ಒಂದು ಬೀರುವಿನ ಒಂದು ಬಾಟಲಿಯ ಮಾತಾಗಿತ್ತು. ಮುದುಕನ ಮೇಲೆ ಮೈಯೆಲ್ಲ ಉರಿಯಿತು. ಬಾಟಲಿಯ ಮೇಲೆ ಬರೆದದ್ದನ್ನು ಓದಿಸಿ ಕೇಳದ ತನ್ನ ಜಂಬದ ಮೇಲೆ ಇನ್ನೂ ಹೆಚ್ಚು.

ಚಳಿಗಾಲದಲ್ಲಿ ಮಗುವಿಗೆ ಮತ್ತೆ ಜ್ವರ ಬಂತು. ಚೈತ್ರ ಡಾಕ್ಟರಿಗೆ ತೋರಿಸಿಕೊಂಡು ಬಂದು, ಬಾಟಲಿಯ ಚೀಟಿ ಓದಿ, ಅವರು ಹೇಳಿದಷ್ಟನ್ನು ಸಿರಿಂಜಿಗೆ ಎಳೆದಳು. ಮಗು ಕಿರುಚಿ ಒದೆಯತೊಡಗಿತು. ಸಿದ್ದಗಂಗಮ್ಮ ಅಭ್ಯಾಸಬಲದಿಂದ ಸಿರಿಂಜಿಗೆ ಕೈ ಚಾಚಿದಳು.

"ಬೇಡ ಅತ್ತೆ. ನೀವು ಕಾಲು ಹಿಡ್ಕೊಳ್ಳಿ, ಸಾಕು."

ಸಿದ್ದಗಂಗಮ್ಮ ಕಾಲು ಹಿಡಿದುಕೊಂಡಳು.