ಕ್ಯಾಮೆರಾ ಚಂದಾದ ಕಂಡಕ್ಟರು

ವಠಾರದ ಗೇಟಿಗೆ ಕ್ಯಾಮೆರಾ ಹಾಕಿಸಲು ನಿವೃತ್ತ ಕಂಡಕ್ಟರು ಚಂದಾ ಎತ್ತುವುದೂ ಬಸ್ಸಿನ ಧಾಟಿಯಲ್ಲೇ. ಮನೆ ಬಾಗಿಲಿಗೆ ಬೆಲ್ ಇದ್ದರೂ ಸೀಟಿ ಊದುತ್ತಾರೆ, "ಚಿಲ್ಲರೆ ಕೊಡಿ" ಎನ್ನುತ್ತಾರೆ, ರಸೀದಿ ಹರಿದುಕೊಟ್ಟು ಪೆನ್ನನ್ನು ಕಿವಿಗೆ ಸಿಕ್ಕಿಸುತ್ತಾರೆ. ಕೊಡದವರನ್ನು "ಇಲ್ಲೇ ಇಳಿಸಿಬಿಡ್ತೀನಿ" ಎಂದು ಅವರದೇ ಮನೆ ಬಾಗಿಲಲ್ಲಿ ಗದರುತ್ತಾರೆ. ಮೊನ್ನೆ ವಠಾರದ ಟೈಲರಮ್ಮ ಬಟ್ಟೆ ಹೊಲಿಯುತ್ತಲೇ, "ದಿನವಿಡೀ ಗೇಟಿನ ಹತ್ರ ನೀವೇ ಕೂತಿರ್ತೀರಲ್ಲ, ಕ್ಯಾಮೆರಾ ಯಾಕಣ್ಣ?" ಎಂದಳು. ಕಂಡಕ್ಟರ ದನಿ ಕುಗ್ಗಿತು. "ಹೋದ ತಿಂಗಳು ನಿನ್ನ ಸೈಕಲ್ ಕಳುವಾಯ್ತಲ್ಲ, ಆ ಕಳ್ಳನಿಗೆ ಗೇಟು ತೆಗೆದುಕೊಟ್ಟಿದ್ದೇ ನಾನು ಕಣಮ್ಮ. ನಿನ್ನ ಮಗ ಅಂದ್ಕೊಂಡು, ಹುಷಾರಾಗಿ ಹೋಗು ಅಂತಲೂ ಹೇಳ್ದೆ. ಕಣ್ಣು ಮಂಜಾಗಿ ಆರು ತಿಂಗಳಾಯ್ತು, ಯಾರಿಗೂ ಹೇಳಿಲ್ಲ." ಟೈಲರಮ್ಮ ಹೊಲಿಗೆ ಬಿಟ್ಟೆದ್ದು ಚಪ್ಪಲಿ ಮೆಟ್ಟಿದಳು. "ಕ್ಯಾಮೆರಾ ಆಮೇಲಾಯ್ತು. ಮೊದಲು ಕಣ್ಣಿನ ಡಾಕ್ಟರ ಹತ್ರ ನಡೀರಿ," ಎಂದು ಅವರ ಕೈ ಹಿಡಿದುಕೊಂಡಳು.