ಹಬ್ಬಕ್ಕೆ ಹೊಳೆದ ರಿಮ್ಮು

ನನ್ನ ಗಂಡ ಸೈಕಲ್ಲಿನ ಕೆಲಸವನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ. ಭಾನುವಾರ ಬಾಲ್ಕನಿಯಲ್ಲಿ ಪೇಪರ್ ಹಾಸಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಚೈನು ಒರೆಸಿ, ಬ್ರೇಕ್ ಬಿಗಿ ಮಾಡಿಕೊಳ್ಳುತ್ತಿದ್ದರು. ಆ ವರ್ಷ ಮಾತ್ರ, ಆಯುಧಪೂಜೆಗೆ ಆಫೀಸು ಸಜ್ಜು ಮಾಡುವ ಗಡಿಬಿಡಿಯಲ್ಲಿ, ಆರ್.ಟಿ. ನಗರದ ಒಂದು ಅಂಗಡಿಗೆ ಕೊಟ್ಟರು. ಅಂಗಡಿಯವನು ಕನ್ನಡಿಯಂತೆ ಹೊಳೆಸಿ, ಚೆಂಡುಹೂವಿನ ಹಾರ ಹಾಕಿ ಕಳಿಸಿದ.

ವಿಜಯದಶಮಿಯ ಬೆಳಿಗ್ಗೆ ಅವರು ಸೈಕಲ್ಲಿನಲ್ಲಿ, ನಾನು ಸ್ವಲ್ಪ ಹಿಂದೆ ಸ್ಕೂಟರಿನಲ್ಲಿ. ಹೆಬ್ಬಾಳ ಫ್ಲೈಓವರ್ ಇಳಿಯುವಾಗ ಮುಂದಿನ ಬಸ್ಸು ನಿಧಾನವಾಯಿತು. ಅವರು ಎರಡೂ ಬ್ರೇಕ್ ಹಿಡಿದರು. ನಾನು ಕಣ್ಣಾರೆ ನೋಡಿದೆ. ಸೈಕಲ್ ನಿಲ್ಲಲಿಲ್ಲ. ಕಾಲು ಕೆಳಗೆ ಬಿಟ್ಟು ಚಪ್ಪಲಿ ಉಜ್ಜಿದರು. ಆಗಲೂ ನಿಲ್ಲದೆ ಬಸ್ಸಿನ ಪಕ್ಕಕ್ಕೆ ನುಗ್ಗಿತು. ಮಾರಾಟವಾಗದೆ ರಸ್ತೆ ಬದಿಗೆ ಎಸೆದಿದ್ದ ಬಾಳೆಕಂದುಗಳ ರಾಶಿಯ ಕಡೆಗೆ ಹ್ಯಾಂಡಲ್ ತಿರುಗಿಸಿ ಬಿದ್ದರು. ಬಸ್ಸಿನ ಹಿಂದಿನ ಚಕ್ರ ಅವರ ತಲೆಯಿಂದ ಒಂದು ಮೊಳ ದೂರದಲ್ಲಿ ಉರುಳಿ ಹೋಯಿತು. ಒಗ್ಗರಣೆಗೆ ಸಾಸಿವೆ ಹಾಕುವಾಗ, ತರಗತಿಯಲ್ಲಿ ಬೋರ್ಡಿಗೆ ತಿರುಗಿದಾಗ, ಆ ಚಕ್ರ ಈಗಲೂ ಉರುಳುತ್ತದೆ.

ಅವರ ಮುರಿದ ಕೈಗೆ ಪ್ಲಾಸ್ಟರ್ ಹಾಕಿಸಿ ಮನೆಗೆ ಕರೆತಂದ ಮೇಲೆ ಚಕ್ರದ ರಿಮ್ಮು ಮುಟ್ಟಿ ನೋಡಿದೆ. ಬೆರಳು ಜಾರಿತು. ಬ್ರೇಕಿನ ರಬ್ಬರು ಕಚ್ಚಬೇಕಾದ ಜಾಗದಲ್ಲೇ ಎಣ್ಣೆ! ಮರುದಿನ ಇಬ್ಬರೂ ಅಂಗಡಿಗೆ ಹೋದೆವು.

"ಹಬ್ಬ ಅಲ್ವೇನಮ್ಮ, ಮಿಂಚ್ಲಿ ಅಂತ ಸವರಿದ್ದು. ಎಲ್ಲಾರ್ದಕ್ಕೂ ಸವರ್ತೀನಿ. ಸಾರ್‌ಗೆ ಇಳಿಜಾರಲ್ಲಿ ಕಂಟ್ರೋಲ್ ಇಲ್ಲ, ಅಷ್ಟೇ," ಎಂದು ಅಂಗಡಿಯವನು ನಕ್ಕ.

"ಇರ್ಬೋದು ಕಣೇ," ಎಂದರು ಇವರು. "ನಾನೇ ಲೇಟಾಗಿ ಹಿಡಿದ್ನೇನೋ."

ಕೈ ಕೂಡಿತು. ಅವರು ಮಾತ್ರ ಸೈಕಲ್ ಮುಟ್ಟಲಿಲ್ಲ. ಬಾಲ್ಕನಿಯಲ್ಲಿ ನಾನೇ ಪೇಪರ್ ಹಾಸಿದೆ. ಪಾತ್ರೆ ಸೋಪಿನಿಂದ ರಿಮ್ಮು ತೊಳೆದೆ, ರಬ್ಬರಿಗೆ ಮರಳುಕಾಗದ ಉಜ್ಜಿದೆ. ಕೆಲಸ ಕಲಿತೆ. ಆ ನಗುವನ್ನು ಮರೆಯದೆ ಮುಂದಿನ ಆಯುಧಪೂಜೆಗೆ ಕಾದೆ.

ಹಬ್ಬದ ದಿನ ಇವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದೆ. ಅಂಗಡಿ ಮುಂದೆ ಸಾಲಾಗಿ ಹೊಳೆಯುವ ಸೈಕಲ್ಲುಗಳು, ಅವುಗಳ ಮಾಲೀಕರು, ಆರತಿ ತಟ್ಟೆ. ಒಂದು ಸೈಕಲ್ ಎಳೆದು ಅಂಗಡಿಯವನ ಮುಂದೆ ನಿಲ್ಲಿಸಿದೆ.

"ರಿಮ್ಮಿಗೆಲ್ಲ ಎಣ್ಣೆ ಸವರಿದೀರಲ್ಲ, ಇದ್ರಲ್ಲಿ ಫ್ಲೈಓವರ್ ಇಳಿದು ತೋರಿಸಿ ಅಣ್ಣ. ಕಂಟ್ರೋಲ್ ಇರೋರು ನೀವು."

"ಪೂಜೆ ಟೈಮಲ್ಲಿ ಏನಮ್ಮ ಇದು..."

"ಹತ್ತಣ್ಣ, ಚಕ್ರಕ್ಕೆ ನಿಂಬೆಹಣ್ಣು ನಾನ್ ಇಡ್ತೀನಿ," ಎಂದ ಮಾಲೀಕರಲ್ಲೊಬ್ಬ. ಇನ್ನೊಬ್ಬ ತನ್ನ ಸೈಕಲ್ಲಿನ ಚಕ್ರ ತಿರುಗಿಸಿ ಬ್ರೇಕ್ ಹಿಡಿದ. ಚಕ್ರ ಸುತ್ತುತ್ತಲೇ ಇತ್ತು. "ಏನ್ ಗುರು ಇದು! ನನ್ ಮಗಳು ಓಡ್ಸೋ ಗಾಡಿ ಕಣೋ!"

ಅಂಗಡಿಯವನು ಎಣ್ಣೆ ತೊಳೆಯಲು ನೀರಿನ ಬಕೆಟ್ಟಿಗೆ ಕೈ ಹಾಕಿದ.

"ಮೊದ್ಲು ಇವ್ರಿಗೆ ಹೇಳಿ, ತಪ್ಪು ಯಾರ್ದು ಅಂತ," ಎಂದೆ.

ನೆಲ ನೋಡುತ್ತ ಹೇಳಿದ: "ನಿಮ್ದೇನೂ ತಪ್ಪಿಲ್ಲ ಸಾರ್. ನಂದೇ."

ಆರತಿ ಕಾಯಿತು. ಎಲ್ಲರೂ ನೋಡುತ್ತಿರುವಾಗಲೇ ಒಂದೊಂದೇ ರಿಮ್ಮು ಸೋಪು ಹಾಕಿ ತೊಳೆಸಿದೆ. "ಸಾಕು ಬಾರೇ," ಎಂದರು ಇವರು. ನನಗೆ ಸಾಕಾಗಿರಲಿಲ್ಲ, ಈಗಲೂ ಆಗಿಲ್ಲ. ಕೊನೆಯ ಸೈಕಲ್ ಒರೆಸಿ ಆದ ಮೇಲೆ ಇವರೇ ಬಗ್ಗಿ ಚಕ್ರ ತಿರುಗಿಸಿ ಬ್ರೇಕ್ ಹಿಡಿದರು. ಕಿರ್ರನೆ ನಿಂತಿತು. ಮತ್ತೆ ತಿರುಗಿಸಿದರು. ಮತ್ತೆ ಹಿಡಿದರು.