ಮಗ್ಗದ ಸದ್ದಿನಲ್ಲಿ ಬರೆದ ವಿಮರ್ಶೆ

ಮೊನ್ನೆ ಜಮಖಂಡಿ ಬಸ್ಸಿನಲ್ಲಿ ಪಕ್ಕದ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಸಿನಿಮಾ ನೋಡುತ್ತಿದ್ದಳು. ನನಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಆದರೂ ನಾಯಕಿ ಏನೆನ್ನುತ್ತಿದ್ದಾಳೆಂದು ತುಟಿ ನೋಡಿಯೇ ತಿಳಿಯುತ್ತಿತ್ತು. ದೊಡ್ಡ ವಿದ್ಯೆಯೇನಲ್ಲ ಬಿಡಿ. ರಬಕವಿಯ ಮಗ್ಗದ ಮನೆಗೆ ಸೊಸೆಯಾಗಿ ಬಂದ ಯಾರಿಗಾದರೂ ಬರುತ್ತದೆ. ಆದರೆ ಅದನ್ನು ಕಲಿತ ದಿನಗಳು ನೆನಪಾದರೆ ಇವತ್ತಿಗೂ ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ.

ನಾನು ಮದುವೆಯಾಗಿ ಬಂದಾಗ ಪಡಸಾಲೆಯಲ್ಲಿ ನಾಲ್ಕು ಪಾವರ್‌ಲೂಮು ಓಡುತ್ತಿದ್ದವು. ಕರೆಂಟು ಇರುವಷ್ಟು ಹೊತ್ತು ಪಕ್ಕದವರು ಕೂಗಿದರೂ ಕೇಳದಂಥ ಖಟಪಟ. ಮೂಲೆಯಲ್ಲಿ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. ಕೈ ನೂಲಿನ ಮೇಲಿದ್ದರೂ ತಲೆ ಸಿನಿಮಾದ ಮೇಲೆ. ಮಗ್ಗಕ್ಕೆ ರಜೆ ಬಂದರೆ ಅತ್ತೆಯೇ ನನ್ನನ್ನು ಮ್ಯಾಟ್ನಿಗೆ ಕರೆದೊಯ್ಯುತ್ತಿದ್ದರು. ಅದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆಮೇಲೆ ನಾನು ಮಾಡುತ್ತಿದ್ದ ಕೆಲಸ ಮಾತ್ರ ಮನೆಯಲ್ಲಿ ಗೊತ್ತಾಗುವಂತಿರಲಿಲ್ಲ. ನೋಡಿದ ಸಿನಿಮಾದ ವಿಮರ್ಶೆ ಬರೆದು, ಗಂಡಸಿನ ಹೆಸರೊಂದನ್ನು ಹಾಕಿ, ಜಮಖಂಡಿಯ ವಾರಪತ್ರಿಕೆಗೆ ಕಳಿಸುತ್ತಿದ್ದೆ. ಅಂಚೆಗೆ ಹಾಕುವವ ನನ್ನ ಗಂಡ. ಮಹಾ ಧೈರ್ಯವಂತ! “ಅಪ್ಪಗ ಗೊತ್ತಾತಂದ್ರ ನೀ ಯಾರೋ ನಾ ಯಾರೋ,” ಎಂದು ಮೊದಲೇ ಹೇಳಿಟ್ಟಿದ್ದ.

ಆಗಿನ ನನ್ನ ವಿಮರ್ಶೆ ಹೇಗಿತ್ತೆಂದು ಕೇಳಬೇಡಿ. ಮುಕ್ಕಾಲು ಭಾಗ ಕಥೆ, ಕೊನೆಗೆ ‘ಛಾಯಾಗ್ರಹಣ ಕಣ್ಣಿಗೆ ತಂಪು, ಸಂಗೀತ ಕಿವಿಗೆ ಇಂಪು’. ಸಿನಿಮಾ ಬದಲಾದರೂ ತಂಪು, ಇಂಪು ಬದಲಾಗುತ್ತಿರಲಿಲ್ಲ. ಒಮ್ಮೆ ಅದೇನು ಹುಂಬತನವೋ, ‘ಈ ದುಡ್ಡಿಗೆ ಬದನೆಕಾಯಿ ಕೊಂಡಿದ್ದರೆ ಪಲ್ಯವಾದರೂ ಆಗುತ್ತಿತ್ತು’ ಎಂದು ಬರೆದುಬಿಟ್ಟೆ. ಟಾಕೀಜಿನ ಸಾಹುಕಾರರೇ ನಮ್ಮ ಸೀರೆಗಳನ್ನೂ ಕೊಳ್ಳುವವರು ಎಂಬುದು ಆಗ ತಲೆಗೆ ಬಂದಿರಲಿಲ್ಲ.

ಪತ್ರಿಕೆ ಬಂದ ದಿನ ಊಟಕ್ಕೆ ಕೂತಾಗ ಮಾವ ಅದನ್ನು ಗಟ್ಟಿಯಾಗಿ ಓದಿದರು. “ಯಾಂವಲೇ ಇಂವ? ಸಾವಕಾರ್ರು ಹುಡಕ್ಯಾಡಾಕತ್ತಾರ. ನಮ್ಮ ಓಣ್ಯಾಗ ಇದ್ದನಂದ್ರ ನಾನ ಹಿಡಕೊಟ್ಟ ಬರತೇನಿ.” ಮುರಿದ ರೊಟ್ಟಿಯನ್ನು ಮತ್ತೆ ತಾಟಿಗಿಟ್ಟೆ. ಸಾಹುಕಾರರು ಸೀರೆ ಕೊಳ್ಳುವುದನ್ನು ಬಿಟ್ಟರೆ ನಾಲ್ಕೂ ಮಗ್ಗ ನಿಲ್ಲುತ್ತಿದ್ದವು, ನಿಲ್ಲಿಸಿದವಳು ನಾನಾಗುತ್ತಿದ್ದೆ. ಗಂಡ ತಾಟಿನಿಂದ ತಲೆ ಎತ್ತಲಿಲ್ಲ.

ಮರುದಿನ ನೂಲು ಸುತ್ತುತ್ತ ಹೊಸ ವಿಮರ್ಶೆಯ ಸಾಲುಗಳನ್ನು ಬಾಯಲ್ಲಿ ಆಡಿಕೊಳ್ಳುತ್ತಿದ್ದೆ. ಬರೆಯುವ ಮೊದಲು ಹಾಗೆ ಆಡಿ ನೋಡುವುದು ನನ್ನ ಚಾಳಿ. ಆ ಖಟಪಟದಲ್ಲಿ ಯಾರಿಗೆ ಕೇಳೀತು? ತಲೆ ಎತ್ತಿದರೆ ಮಗ್ಗದಾಚೆ ಅತ್ತೆ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಅವರ ತುಟಿ ನಿಧಾನವಾಗಿ ಆಡಿತು: “ಕಣ್ಣಿಗೆ ತಂಪು ಬ್ಯಾಡ. ಹ್ವಾದ ವಾರನೂ ಅದನ್ನ ಬರದಿದ್ದಿ.”

ನೂಲು ಸುತ್ತುವುದನ್ನು ನಿಲ್ಲಿಸಿದೆ. ಆ ಹೊತ್ತಿಗೆ ನನಗೂ ತುಟಿ ಓದುವುದು ಅಷ್ಟಿಷ್ಟು ಬಂದಿತ್ತು. ನನ್ನ ತುಟಿಯನ್ನೂ ಯಾರಾದರೂ ಓದಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅಂದರೆ ಅತ್ತೆ ಮೊದಲಿನಿಂದ ಎಲ್ಲವನ್ನೂ ಓದಿದ್ದರು. ಬದನೆಕಾಯಿಯನ್ನೂ.

“ಸಿನಿಮಾದಾಗ ಅವ್ವ ಸತ್ತಾಗ ನೀ ಅಳಲಿಲ್ಲ. ನಾ ಬಾಜೂಕ ಕುಂತಿದ್ನೆಲ್ಲಾ. ಅದಕ್ಕಿಂತ ಮದ್ಲ ಆಕಿ ಖಾಲಿ ಜ್ವಾಳದ ಡಬ್ಬಿ ತಗದು, ಸಪ್ಪಳ ಆಗದಂಗ ಮುಚ್ಚಿದಾಗ ಕಣ್ಣ ಒರಸಿಕೊಂಡಿ. ಅದನ್ನ ಬರಿ.” ಆಮೇಲೆ ಮಗ್ಗದ ಮೇಲೆ ಬಗ್ಗಿದ್ದ ಮಾವನ ಬೆನ್ನು ತೋರಿಸಿದರು. “ಅವರು ಇತ್ತಾಗ ತಿರುಗಿದಾಗ ಬಾಯಿ ಮುಚ್ಚು. ಅವರಿಗೂ ತಿಳೀತೈತಿ.”

ಅಲ್ಲಿಂದ ನಾನು ಬರೆದದ್ದೆಲ್ಲ ಹೆದರಿ ಹೆದರಿಯೇ. ಒಂದು ಕಣ್ಣು ಮಾವನ ಬೆನ್ನಿನ ಮೇಲೆ, ಇನ್ನೊಂದು ಅತ್ತೆಯ ತುಟಿಯ ಮೇಲೆ. ಅತ್ತೆ “ಖೊಟ್ಟಿ” ಎಂದ, ಅಂದರೆ ನಕಲಿ ಎನಿಸಿದ, ಸಾಲನ್ನು ಹೊಡೆದು ಹಾಕುತ್ತಿದ್ದೆ. ಕಥೆ ಹೇಳುವುದು ಕಡಿಮೆಯಾಗಿ, ಕಂಡದ್ದನ್ನು ಹೇಳುವುದು ಹೆಚ್ಚಾಯಿತು. ‘ಸುಧಾರಿಸಿದ್ದೀರಿ, ಸಾರ್’ ಎಂದು ಪತ್ರಿಕೆಯವರು ಕಾರ್ಡು ಬರೆದರು. ಸಾಹುಕಾರರಿಗೆ ಆ ಹೆಸರಿನವ ಸಿಗಲೇ ಇಲ್ಲ. ಮಾವನಿಗೆ ಗೊತ್ತಾಗಿತ್ತೋ ಇಲ್ಲವೋ, ಅವರು ತೀರಿಕೊಂಡರೂ ನನಗೆ ತಿಳಿಯಲೇ ಇಲ್ಲ.

ಈಗ ಮಗ್ಗಗಳನ್ನು ಮಾರಿದ್ದೇವೆ. ವಿಮರ್ಶೆ ನನ್ನ ಹೆಸರಿನಲ್ಲೇ ಬರುತ್ತದೆ. ಅತ್ತೆಗೆ ಲಕ್ವಾ ಹೊಡೆದು ದನಿ ಹೋಗಿದೆ. ಮೊನ್ನೆ ಬಸ್ಸಿಳಿದು ಬಂದವಳೇ ಅವರ ಹಾಸಿಗೆಯ ಪಕ್ಕ ಕೂತು ಹೊಸ ವಿಮರ್ಶೆ ಓದಿದೆ. ಅವರು ನನ್ನ ಬಾಯನ್ನೇ ನೋಡಿದರು. ಮುಗಿದ ಮೇಲೆ ತುಟಿಯ ಒಂದು ಬದಿ ಅಲುಗಿತು. ನನಗೆ ತಿಳಿಯಲಿಲ್ಲ.

“ಏನ್ರಿ ಅತ್ತಿ? ಇನ್ನೊಮ್ಮೆ ಹೇಳ್ರಿ.”

ಮತ್ತೆ ಅಲುಗಿತು. ಲೈಟು ಹಾಕಿ, ಹತ್ತಿರ ಬಗ್ಗಿ ನೋಡಿದೆ. ಇಲ್ಲ, ಓದಲಾಗಲಿಲ್ಲ. ಮಾವ ಆ ವಿಮರ್ಶೆಯನ್ನು ಗಟ್ಟಿಯಾಗಿ ಓದಿದ ದಿನವೂ ನನಗೆ ಇಷ್ಟು ಭಯವಾಗಿರಲಿಲ್ಲ. ಅವರು ದಣಿದು ಕಣ್ಣು ಮುಚ್ಚಿ ಮಲಗಿದರು. ನಾನು ಎದ್ದು ಹೋಗಿ, “ಖೊಟ್ಟಿ” ಎಂದೇ ಇರಬೇಕೆಂದು ವಿಮರ್ಶೆಯ ಕೊನೆಯ ಪ್ಯಾರಾ ಹೊಡೆದು ಹಾಕಿದೆ.